ಜೊಲ್ಲಿನ ಎಚ್‌ಐವಿ ಪರೀಕ್ಷೆ: ವಸಡಿನ ಪಸೆಯಲ್ಲಿ ಸಿಗುವುದೇನು?

ಎಚ್‌ಐವಿ ಜೊಲ್ಲಿನಿಂದ ಹರಡುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಲೋಟದಲ್ಲಿ ನೀರು ಕುಡಿದರೂ ಸೋಂಕು ತಗಲುವುದಿಲ್ಲ ಎಂಬ ಮಾತನ್ನು ಆಸ್ಪತ್ರೆಯ ಗೋಡೆಗಳ ಮೇಲೆ, ಬಸ್‌ ನಿಲ್ದಾಣದ ಫಲಕಗಳ ಮೇಲೆ ನಾವು ಬಹಳ ವರ್ಷಗಳಿಂದ ಓದುತ್ತ ಬಂದಿದ್ದೇವೆ. ಹಾಗಿರುವಾಗ, ಬಾಯಿಯೊಳಗೆ ಒಂದು ಕಡ್ಡಿ ಆಡಿಸಿ ಇಪ್ಪತ್ತು ನಿಮಿಷದಲ್ಲಿ ಎಚ್‌ಐವಿಯ ಸುಳಿವು ಕೊಡುವ ಕಿಟ್‌ ಇದೆ ಎಂದರೆ ಯಾರಿಗಾದರೂ ಗೊಂದಲವಾಗುವುದು ಸಹಜ. ಜೊಲ್ಲಿನಲ್ಲಿ ವೈರಾಣು ಇಲ್ಲವೆಂದಾದರೆ ಕಡ್ಡಿಗೆ ಸಿಕ್ಕಿದ್ದೇನು? ಸಿಕ್ಕಿದ್ದು ವೈರಾಣುವೇ ಆಗಿದ್ದರೆ ಗೋಡೆಯ ಮೇಲಿನ ಮಾತು ಸುಳ್ಳೇ? ಈ ಗೊಂದಲ ಬಿಡಿಸಿಕೊಳ್ಳಲು ಎರಡು ಸಂಗತಿಗಳನ್ನು ತಿಳಿದರೆ ಸಾಕು. ಈ ಪರೀಕ್ಷೆ ಹುಡುಕುವುದು ವೈರಾಣುವಿನ ವಿರುದ್ಧ ದೇಹವೇ ತಯಾರಿಸಿದ ಪ್ರತಿಕಾಯಗಳನ್ನು. ಆ ಪ್ರತಿಕಾಯಗಳು ಬಾಯಿಗೆ ಬರುವುದು ಬಹುಪಾಲು ವಸಡಿನ ಮೂಲಕ, ರಕ್ತದಿಂದ. ಪರೀಕ್ಷೆಯ ಅನುಕೂಲಗಳೂ ಅದರ ಮಿತಿಗಳೂ ಹುಟ್ಟುವುದು ಇಲ್ಲಿಂದಲೇ.

ಮೊದಲು ವೈರಾಣುವಿನ ವಿಷಯ ಮುಗಿಸೋಣ. ಸೋಂಕಿತರ ಜೊಲ್ಲಿನಲ್ಲಿ ಎಚ್‌ಐವಿಯ ಕಣಗಳು ಒಮ್ಮೊಮ್ಮೆ ಅತ್ಯಲ್ಪ ಪ್ರಮಾಣದಲ್ಲಿ ಕಾಣಸಿಗುತ್ತವೆ, ಆದರೆ ಅಲ್ಲಿ ಅವುಗಳ ಆಟ ನಡೆಯುವುದಿಲ್ಲ. ಜೊಲ್ಲಿನಲ್ಲಿ ಲವಣಾಂಶ ರಕ್ತಕ್ಕಿಂತ ಬಹಳ ಕಡಿಮೆ ಇರುವುದರಿಂದ ವೈರಾಣುವನ್ನು ಹೊತ್ತು ಬರುವ ಬಿಳಿ ರಕ್ತಕಣಗಳು ಅದರಲ್ಲಿ ನೀರು ಹೀರಿ ಊದಿ ಒಡೆಯುತ್ತವೆ. ಅದಲ್ಲದೆ ಎಸ್‌ಎಲ್‌ಪಿಐ ಎಂಬ ಹೆಸರಿನ ಒಂದು ಪ್ರೋಟೀನು ಮತ್ತು ಜೊಲ್ಲಿಗೆ ಲೋಳೆಗುಣ ಕೊಡುವ ಮ್ಯೂಸಿನ್‌ಗಳು ವೈರಾಣುವಿಗೆ ಅಡ್ಡಿಯಾಗುತ್ತವೆ. ಆದ್ದರಿಂದ ಗೋಡೆಯ ಮೇಲಿನ ಮಾತು ಪೂರ್ತಿ ನಿಜ. ಬಾಯಿಯ ಮಾದರಿಯಿಂದ ಪರೀಕ್ಷೆ ಸಾಧ್ಯ ಎಂಬುದನ್ನು ಎಂಜಲಿನಿಂದ ಎಚ್‌ಐವಿ ಬರುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ಹೇಳುವವರು ಈಗಲೂ ಇದ್ದಾರೆ. ಆ ವಾದಕ್ಕೆ ಬುಡವಿಲ್ಲ.

ಪ್ರತಿಕಾಯಗಳ ಕತೆ ಬೇರೆ. ಎಚ್‌ಐವಿ ದೇಹವನ್ನು ಹೊಕ್ಕ ಕೆಲವು ವಾರಗಳಲ್ಲಿ ರೋಗನಿರೋಧಕ ವ್ಯವಸ್ಥೆ ಅದರ ಹೊರಕವಚದ ಮತ್ತು ಒಳತಿರುಳಿನ ಪ್ರೋಟೀನುಗಳನ್ನು ಗುರುತಿಸಿ ಅವುಗಳಿಗೆ ಅಂಟಿಕೊಳ್ಳುವಂಥ ಪ್ರತಿಕಾಯಗಳನ್ನು ತಯಾರಿಸತೊಡಗುತ್ತದೆ. ಅವುಗಳಲ್ಲಿ ಐಜಿಜಿ ಎಂಬ ಬಗೆಯವು ರಕ್ತದಲ್ಲಿ ಹೇರಳವಾಗಿದ್ದು, ಚಿಕಿತ್ಸೆ ಇಲ್ಲದಿದ್ದಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಈ ಪ್ರತಿಕಾಯಗಳಿಂದ ಎಚ್‌ಐವಿ ಗುಣವಾಗುವುದಿಲ್ಲ ಎಂಬುದು ಬೇರೆ ಮಾತು. ಪರೀಕ್ಷೆ ಮಾಡುವವರಿಗೆ ಮಾತ್ರ ಅವು ವೈರಾಣು ಬಿಟ್ಟುಹೋದ ಹೆಜ್ಜೆಗುರುತುಗಳು. 1985ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಪರವಾನಗಿ ಪಡೆದ ಎಲೈಸಾ ರಕ್ತ ಪರೀಕ್ಷೆ ಹುಡುಕುತ್ತಿದ್ದುದೂ ಇವುಗಳನ್ನೇ. ಅದರ ಮರುವರ್ಷ, 1986ರಲ್ಲಿ, ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್‌ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್‌ ನಿರ್ಮಲಾ ಭಾರತದ ಮೊದಲ ಸೋಂಕುಗಳನ್ನು ಪತ್ತೆ ಹಚ್ಚಿದ್ದು ಕೂಡ ರಕ್ತದಲ್ಲಿನ ಪ್ರತಿಕಾಯಗಳ ಮೂಲಕವೇ.

ರಕ್ತದಲ್ಲಿರುವುದು ಬಾಯಿಗೆ ಬರುವುದು ಹೇಗೆ? ನಾವು ಜೊಲ್ಲು ಎನ್ನುವುದು ಒಂದೇ ದ್ರವವಲ್ಲ. ಕಿವಿಯ ಕೆಳಗೆ, ದವಡೆಯ ಅಡಿ ಮತ್ತು ನಾಲಿಗೆಯ ಅಡಿ ಇರುವ ಮೂರು ಜೋಡಿ ದೊಡ್ಡ ಗ್ರಂಥಿಗಳು ಸುರಿಸುವ ನೀರಿನಂಥ ರಸವೇ ಅದರ ಬಹುಭಾಗ. ಆ ರಸದಲ್ಲಿರುವ ಪ್ರತಿಕಾಯಗಳು ಮುಖ್ಯವಾಗಿ ಐಜಿಎ ಬಗೆಯವು. ಐಜಿಜಿ ಅದರಲ್ಲಿ ತೀರ ಕಡಿಮೆ. ಆದರೆ ಹಲ್ಲು ಮತ್ತು ವಸಡು ಕೂಡುವ ಸಂದಿನಲ್ಲಿ, ಅಷ್ಟಿಷ್ಟು ಕೆನ್ನೆಯ ಒಳಪೊರೆಯಲ್ಲೂ, ಬೇರೊಂದು ದ್ರವ ಸದಾ ಒಸರುತ್ತಿರುತ್ತದೆ. ವಸಡಿನಡಿಯ ನವಿರಾದ ರಕ್ತನಾಳಗಳಿಂದ ರಕ್ತದ ತೆಳುಭಾಗವಾದ ಪ್ಲಾಸ್ಮಾ, ಮಣ್ಣಿನ ಮಡಕೆಯ ಹೊರಮೈಗೆ ನೀರು ಜಿನುಗುವಂತೆ, ಜೀವಕೋಶಗಳ ನಡುವಿನಿಂದ ಜಿನುಗಿ ಹೊರಬರುತ್ತದೆ. ಕೆಂಪು ರಕ್ತಕಣಗಳು ಒಳಗೇ ಉಳಿಯುವುದರಿಂದ ನಮಗೆ ರಕ್ತ ಕಾಣುವುದಿಲ್ಲ. ಐಜಿಜಿ ಮಾತ್ರ ದ್ರವದ ಜೊತೆ ಹೊರಗೆ ಬಂದಿರುತ್ತದೆ. ಬಾಯಿಯ ಎಚ್‌ಐವಿ ಪರೀಕ್ಷೆಗೆ ಬೇಕಾದದ್ದು ಈ ಪಸೆ. ಆದ್ದರಿಂದಲೇ ಕಿಟ್ಟಿನ ಸೂಚನೆಯಲ್ಲಿ ಕಡ್ಡಿಯನ್ನು ವಸಡಿನ ಮೇಲೆ ಸವರಲು ಹೇಳಿರುತ್ತದೆಯೇ ಹೊರತು ಬಟ್ಟಲಿನಲ್ಲಿ ಉಗುಳಲು ಹೇಳಿರುವುದಿಲ್ಲ. ವಸಡಿನಲ್ಲಿ ರಕ್ತ ಒಸರುವವರು ಪರೀಕ್ಷೆ ಕೆಟ್ಟೀತೆಂದು ಹೆದರಬೇಕಾಗಿಲ್ಲ. ರಕ್ತದಲ್ಲೂ ಇರುವುದು ಅದೇ ಪ್ರತಿಕಾಯ.

ತೊಂದರೆ ಇರುವುದು ಪ್ರಮಾಣದಲ್ಲಿ. ವಸಡಿನ ಪಸೆ ಬಾಯಿಗೆ ಬಂದು ಜೊಲ್ಲಿನೊಂದಿಗೆ ಬೆರೆತಾಗ ಅದರಲ್ಲಿ ಉಳಿಯುವ ಐಜಿಜಿ, ರಕ್ತದಲ್ಲಿ ಇರುವುದಕ್ಕಿಂತ ನೂರಾರು ಪಟ್ಟು ಕಡಿಮೆ. ರಕ್ತಕ್ಕೆಂದು ರೂಪಿಸಿದ ಎಲೈಸಾವನ್ನು ಹಾಗೆಯೇ ಜೊಲ್ಲಿಗೆ ಬಳಸಿದರೆ ಇರುವುದೂ ಕಾಣದೆ ಹೋಗಬಹುದು. ಈ ತೊಡಕನ್ನು ಜಾಣತನದಿಂದ ಬಿಡಿಸಿದವರಲ್ಲಿ ಲಂಡನ್ನಿನ ಕಾಲಿಂಡೇಲ್‌ನ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯದ ಜಾನ್‌ ಪ್ಯಾರಿ ಮತ್ತು ಫಿಲಿಪ್‌ ಮಾರ್ಟಿಮರ್‌ ಅವರ ತಂಡ ಪ್ರಮುಖವಾದದ್ದು. ಅವರು 1987ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಮಾದರಿಯಲ್ಲಿರುವ ಐಜಿಜಿಯನ್ನು, ಅದು ಯಾವ ರೋಗದ ವಿರುದ್ಧದ್ದೇ ಆಗಿರಲಿ, ಮೊದಲು ಹಿಡಿದಿಟ್ಟುಕೊಂಡು, ಆಮೇಲೆ ಅದರಲ್ಲಿ ಎಚ್‌ಐವಿಗೆ ಅಂಟುವ ಪಾಲು ಎಷ್ಟಿದೆ ಎಂದು ನೋಡಲಾಗುತ್ತಿತ್ತು. ಮಾದರಿ ಎಷ್ಟು ತೆಳುವಾಗಿದೆ ಎಂಬ ಪ್ರಶ್ನೆ ಆಗ ಹಿಂದಕ್ಕೆ ಸರಿಯುತ್ತದೆ, ಏಕೆಂದರೆ ಅಳೆಯುವುದು ಒಟ್ಟು ಐಜಿಜಿಯಲ್ಲಿ ಎಚ್‌ಐವಿ ವಿರುದ್ಧದ ಪಾಲನ್ನು, ಮತ್ತು ಆ ಪಾಲು ರಕ್ತದಲ್ಲೂ ವಸಡಿನ ಪಸೆಯಲ್ಲೂ ಹೆಚ್ಚುಕಡಿಮೆ ಒಂದೇ. ಇಡೀ ತಂತ್ರಜ್ಞಾನದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಯೋಚನೆ ಇದು.

ಇದನ್ನು ವ್ಯಾಪಾರದ ಸರಕಾಗಿಸಿದ್ದು ಅಮೆರಿಕದ ಆರೆಗನ್‌ ರಾಜ್ಯದ ಎಪಿಟೋಪ್‌ ಎಂಬ ಕಂಪನಿ. ಅದರ ಓರಾಶೂರ್‌ ಎಂಬ ಸಾಧನಕ್ಕೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 1994ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಉಪ್ಪಿನಂಶ ಉಣಿಸಿದ ಒಂದು ಪುಟ್ಟ ಮೆತ್ತೆಯನ್ನು ಕೆಳವಸಡು ಮತ್ತು ಕೆನ್ನೆಯ ನಡುವೆ ಕೆಲವು ನಿಮಿಷ ಇಟ್ಟುಕೊಂಡರೆ ಆ ಉಪ್ಪು ವಸಡಿನಿಂದ ಹೆಚ್ಚು ಪಸೆಯನ್ನು ಎಳೆಯುತ್ತಿತ್ತು. ಬಳಿಕ ಮೆತ್ತೆಯನ್ನು ಸಂರಕ್ಷಕ ದ್ರವದ ಶೀಶೆಗೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕಾಗಿತ್ತು. ಈ ಸಾಧನವನ್ನು ಮೊದಮೊದಲು ದೊಡ್ಡ ಪ್ರಮಾಣದಲ್ಲಿ ಕೊಂಡವರಲ್ಲಿ ಜೀವವಿಮಾ ಕಂಪನಿಗಳಿದ್ದವು ಎಂಬುದನ್ನು ಇಲ್ಲಿ ಹೇಳಬೇಕು. ಪಾಲಿಸಿ ಕೇಳಿದವರ ಮನೆಗೆ ಸೂಜಿ ಹಿಡಿದು ಹೋಗುವುದಕ್ಕಿಂತ ಮೆತ್ತೆ ಹಿಡಿದು ಹೋಗುವುದು ಅವುಗಳಿಗೆ ಅಗ್ಗವಾಗಿತ್ತು. ರೋಗಿಯ ಅನುಕೂಲಕ್ಕೆಂದು ಇಂದು ನಾವು ಹೊಗಳುವ ತಂತ್ರಕ್ಕೆ ಆರಂಭದಲ್ಲಿ ಹಣ ಹರಿದು ಬಂದ ದಾರಿಗಳಲ್ಲಿ ಅದೂ ಒಂದು.

ಮುಂದಿನ ಹೆಜ್ಜೆ ಪ್ರಯೋಗಾಲಯವನ್ನೇ ಬಿಟ್ಟುಬಿಡುವುದು. ಓರಾಕ್ವಿಕ್‌ ಎಂಬ ಕ್ಷಿಪ್ರ ಪರೀಕ್ಷೆಗೆ 2002ರಲ್ಲಿ ಬೆರಳಿನ ರಕ್ತಕ್ಕಾಗಿ, 2004ರ ಮಾರ್ಚಿನಲ್ಲಿ ಬಾಯಿಯ ಮಾದರಿಗಾಗಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಅದರ ಕಡ್ಡಿಯ ಒಂದು ತುದಿಯಲ್ಲಿ ಚಪ್ಪಟೆಯಾದ ಮೆತ್ತೆ, ನಡುವೆ ಒಂದು ಕಿಂಡಿ, ಒಳಗೆ ನೈಟ್ರೋಸೆಲ್ಯುಲೋಸ್‌ ಪಟ್ಟಿ. ಮೆತ್ತೆಯನ್ನು ಮೇಲಿನ ವಸಡಿನ ಹೊರಮೈ ಮೇಲೆ ಈ ಕೊನೆಯಿಂದ ಆ ಕೊನೆಗೆ ಒಮ್ಮೆ, ಕೆಳಗಿನ ವಸಡಿನ ಮೇಲೆ ಒಮ್ಮೆ ಸವರಿ, ಕಡ್ಡಿಯನ್ನು ದ್ರಾವಣದ ಪುಟ್ಟ ಶೀಶೆಯಲ್ಲಿ ನಿಲ್ಲಿಸಬೇಕು. ಕೆಲವೇ ನಿಮಿಷಗಳಲ್ಲಿ ಕಿಂಡಿಯ ಕೆಳಗಿನಿಂದ ತಿಳಿಗುಲಾಬಿ ಬಣ್ಣ ಮೆಲ್ಲಗೆ ಏರತೊಡಗುತ್ತದೆ. ಆ ಬಣ್ಣ ಬಂದದ್ದು ಚಿನ್ನದಿಂದ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಚಿನ್ನದ ಕಣಗಳು ದ್ರವದಲ್ಲಿ ಹರಡಿಕೊಂಡಾಗ ಕೆಂಪಾಗಿ ಕಾಣುತ್ತವೆ. ಅವುಗಳ ಮೈಗೆ ಪ್ರೋಟೀನ್‌ ಎ ಎಂಬ, ಐಜಿಜಿಯನ್ನು ಬಿಗಿಯಾಗಿ ಹಿಡಿಯುವ ಒಂದು ವಸ್ತುವನ್ನು ಅಂಟಿಸಿರಲಾಗುತ್ತದೆ. ಮಾದರಿಯಲ್ಲಿರುವ ಐಜಿಜಿ ಹೀಗೆ ಚಿನ್ನದ ಜೊತೆಗೂಡಿ ಪಟ್ಟಿಯ ಮೇಲೆ ಸಾಗುತ್ತದೆ.

ಪಟ್ಟಿಯಲ್ಲಿ ಟಿ ಎಂದು ಗುರುತಿಸಿದ ಜಾಗದಲ್ಲಿ ಎಚ್‌ಐವಿ-1 ಮತ್ತು ಎಚ್‌ಐವಿ-2ರ ಹೊರಕವಚದ ಪ್ರೋಟೀನುಗಳ ತುಣುಕುಗಳನ್ನು ಹೋಲುವ, ಕೃತಕವಾಗಿ ತಯಾರಿಸಿದ ಪೆಪ್ಟೈಡುಗಳನ್ನು ಗೆರೆಯಾಗಿ ಹಾಕಿರುತ್ತಾರೆ. ಇವು ವೈರಾಣುಗಳಲ್ಲ, ಅವುಗಳಿಂದ ಸೋಂಕು ಬರುವ ಮಾತೇ ಇಲ್ಲ. ಎಚ್‌ಐವಿ ವಿರುದ್ಧದ ಪ್ರತಿಕಾಯ ಇದ್ದರೆ ಅದು ಅಲ್ಲಿ ಅಂಟಿ ನಿಲ್ಲುತ್ತದೆ, ಜೊತೆಗಿದ್ದ ಚಿನ್ನವೂ ನಿಂತು ಗೆರೆ ಮೂಡುತ್ತದೆ. ಅದರಿಂದ ಮುಂದೆ ಸಿ ಎಂಬ ಜಾಗದಲ್ಲಿ ಮನುಷ್ಯರ ಯಾವುದೇ ಐಜಿಜಿಯನ್ನು ಹಿಡಿಯುವ ವಸ್ತುವಿರುತ್ತದೆ. ಈ ಸಿ ಗೆರೆಯ ಮಹತ್ವವನ್ನು ಬಹಳ ಜನ ಗಮನಿಸುವುದಿಲ್ಲ. ಕೆಲವು ಕ್ಷಿಪ್ರ ಪರೀಕ್ಷೆಗಳಲ್ಲಿ ಅದು ಪಟ್ಟಿಯಲ್ಲಿ ದ್ರವ ಹರಿದಿದೆ ಎಂದಷ್ಟೇ ಹೇಳುತ್ತದೆ; ಇಲ್ಲಿ ಅದು ಮೆತ್ತೆಗೆ ನಿಜವಾಗಿಯೂ ಮನುಷ್ಯರ ಪ್ರತಿಕಾಯಗಳು ಸಿಕ್ಕಿವೆ ಎಂಬುದನ್ನೂ ಹೇಳುತ್ತದೆ. ವಸಡನ್ನು ಸವರದೆಯೇ ಕಡ್ಡಿಯನ್ನು ಶೀಶೆಯಲ್ಲಿಟ್ಟರೆ ಸಿ ಗೆರೆ ಮೂಡುವುದಿಲ್ಲ, ಆ ಪರೀಕ್ಷೆ ಲೆಕ್ಕಕ್ಕಿಲ್ಲ.

ಫಲಿತಾಂಶವನ್ನು ಇಪ್ಪತ್ತು ನಿಮಿಷ ಕಳೆದ ಮೇಲೆ, ನಲವತ್ತು ನಿಮಿಷದೊಳಗೆ, ಒಳ್ಳೆಯ ಬೆಳಕಿನಲ್ಲಿ ಓದಬೇಕು. ಸಿ ಒಂದೇ ಮೂಡಿದ್ದರೆ ನಾನ್‌ರಿಯಾಕ್ಟಿವ್‌, ಅಂದರೆ ಎಚ್‌ಐವಿ ವಿರುದ್ಧದ ಪ್ರತಿಕಾಯ ಕಂಡಿಲ್ಲ. ಸಿ ಮತ್ತು ಟಿ ಎರಡೂ ಮೂಡಿದ್ದರೆ ರಿಯಾಕ್ಟಿವ್‌, ಅಂದರೆ ಅದರ ಸುಳಿವು ಸಿಕ್ಕಿದೆ. ಟಿ ಗೆರೆ ತೀರ ಮಸುಕಾಗಿದ್ದರೂ ಅದು ಗೆರೆಯೇ. ಕಿಟಕಿಯ ಬಳಿಗೆ ಹಿಡಿದು ಓರೆಯಾಗಿಸಿ ನೋಡಿ "ಇದು ಇದ್ದಂತೆಯೂ ಇಲ್ಲ, ಇಲ್ಲದಂತೆಯೂ ಇಲ್ಲ, ಹಾಗಾದರೆ ಇಲ್ಲವೆಂದೇ ಇಟ್ಟುಕೊಳ್ಳೋಣ" ಎಂದು ಮನಸ್ಸು ಸಮಾಧಾನ ಹೇಳಿಕೊಳ್ಳುವುದು ತಪ್ಪು ಓದಿಗೆ ದಾರಿಯಾಗುತ್ತದೆ. ಇಪ್ಪತ್ತು ನಿಮಿಷಕ್ಕೆ ಮೊದಲೇ ನೋಡಿ ಕಡ್ಡಿ ಎಸೆಯುವುದೂ, ಮರುದಿನ ಕಸದ ಬುಟ್ಟಿಯಿಂದ ತೆಗೆದು ನೋಡಿ ಗಾಬರಿಯಾಗುವುದೂ ಅಷ್ಟೇ ತಪ್ಪು. ಪರೀಕ್ಷೆಗೆ ಮೊದಲಿನ ಹದಿನೈದು ನಿಮಿಷ ಏನನ್ನೂ ತಿನ್ನಬಾರದು, ಕುಡಿಯಬಾರದು. ಹಲ್ಲುಜ್ಜಿದ್ದರೆ ಅಥವಾ ಬಾಯಿ ಮುಕ್ಕಳಿಸುವ ಔಷಧ ಬಳಸಿದ್ದರೆ ಅರ್ಧ ಗಂಟೆ ಕಾಯಬೇಕು. ಎಲೆಯಡಿಕೆ, ಗುಟ್ಕಾ ದವಡೆಗೆ ಸೇರಿಸಿಕೊಂಡೇ ದಿನ ಕಳೆಯುವವರು ಹೆಚ್ಚಿರುವ ನಮ್ಮ ಊರುಗಳಲ್ಲಿ ಈ ಹದಿನೈದು ನಿಮಿಷದ ನಿಯಮ ಕೇಳಿದಷ್ಟು ಸುಲಭವಲ್ಲ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ವಸಡನ್ನು ಮುಚ್ಚುವಂತಿದ್ದರೆ ತೆಗೆದಿಟ್ಟು ಸವರಬೇಕು.

ಇನ್ನು ಪರೀಕ್ಷೆಯ ನಿಖರತೆ. ಮೂಲತಃ ಭಾರತದವರಾದ, ಮಾಂಟ್ರಿಯಲ್‌ನ ಮೆಕ್‌ಗಿಲ್‌ ವಿಶ್ವವಿದ್ಯಾಲಯದ ನಿತಿಕಾ ಪಂತ್‌ ಪೈ ಮತ್ತು ಸಂಗಡಿಗರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸೋಂಕು ಇರುವವರನ್ನು ಸರಿಯಾಗಿ ಗುರುತಿಸುವ ಪ್ರಮಾಣ ಬಾಯಿಯ ಮಾದರಿಯಲ್ಲಿ ಶೇ 98.03, ಅದೇ ಪರೀಕ್ಷೆಯನ್ನು ರಕ್ತದಲ್ಲಿ ಮಾಡಿದರೆ ಶೇ 99.68. ಸೋಂಕು ಇಲ್ಲದವರನ್ನು ಇಲ್ಲವೆಂದು ಹೇಳುವ ಪ್ರಮಾಣ ಬಾಯಿಯಲ್ಲಿ ಶೇ 99.74, ರಕ್ತದಲ್ಲಿ ಶೇ 99.91. ಎಲ್ಲವೂ ನೂರರ ಹತ್ತಿರವೇ ಇವೆಯಲ್ಲ, ಒಂದೆರಡು ಪಾಯಿಂಟಿಗೆ ಯಾಕೆ ತಲೆಕೆಡಿಸಿಕೊಳ್ಳಬೇಕು ಎನಿಸಬಹುದು. ಲೆಕ್ಕ ಹಾಕಿ ನೋಡಿದಾಗಲೇ ಆ ದಶಮಾಂಶಗಳ ತೂಕ ತಿಳಿಯುವುದು.

2023ರ ರಾಷ್ಟ್ರೀಯ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಎಚ್‌ಐವಿ ಇರುವವರು ಶೇ 0.20, ಅಂದರೆ ಸಾವಿರಕ್ಕೆ ಇಬ್ಬರು. ಈ ಪ್ರಮಾಣದ ಒಂದು ಲಕ್ಷ ಜನರಿಗೆ ಬಾಯಿಯ ಪರೀಕ್ಷೆ ಮಾಡಿದೆವೆಂದುಕೊಳ್ಳಿ. ಸೋಂಕಿರುವ 200 ಜನರಲ್ಲಿ 196 ಜನ ಸಿಗುತ್ತಾರೆ, ನಾಲ್ವರು ತಪ್ಪಿಹೋಗುತ್ತಾರೆ. ಸೋಂಕಿಲ್ಲದ 99,800 ಜನರಲ್ಲಿ ಶೇ 0.26ರಷ್ಟು, ಅಂದರೆ ಸುಮಾರು 260 ಜನರ ಕಡ್ಡಿಯಲ್ಲೂ ಎರಡು ಗೆರೆ ಮೂಡುತ್ತವೆ. ಈಗ ಎರಡು ಗೆರೆ ನೋಡಿ ಕುಳಿತಿರುವ 456 ಜನರಲ್ಲಿ ನಿಜವಾಗಿ ಸೋಂಕಿರುವುದು 196 ಜನರಿಗೆ. ಉಳಿದವರಿಗೆ, ಅಂದರೆ ಅರ್ಧಕ್ಕಿಂತ ಹೆಚ್ಚಿನವರಿಗೆ, ಏನೂ ಇಲ್ಲ. ಅದೇ ಪರೀಕ್ಷೆಯನ್ನು ರಕ್ತದಲ್ಲಿ ಮಾಡಿದ್ದರೆ ಹೀಗೆ ವಿನಾಕಾರಣ ಹೆದರುವವರು 90 ಜನ ಮಾತ್ರ ಇರುತ್ತಿದ್ದರು. ಕಿಟ್‌ ಬದಲಾಗದೆ ಜನ ಮಾತ್ರ ಬದಲಾದರೆ ಚಿತ್ರವೇ ಬೇರೆ: ನೂರಕ್ಕೆ ಐವರಿಗೆ ಸೋಂಕು ಇರುವ, ಹೆಚ್ಚು ಅಪಾಯದ ಗುಂಪಿನ ಒಂದು ಲಕ್ಷ ಜನರಲ್ಲಿ ಸುಮಾರು 4,900 ನಿಜವಾದ ರಿಯಾಕ್ಟಿವ್‌ಗಳಿಗೆ ಎದುರಾಗಿ ಸುಳ್ಳು ರಿಯಾಕ್ಟಿವ್‌ಗಳು 247 ಅಷ್ಟೇ. ಆದ್ದರಿಂದ ಈ ಕಿಟ್‌ ಎಷ್ಟು ನಂಬಲರ್ಹ ಎಂದು ಕೇಳಿದವರಿಗೆ, ಯಾರ ಕೈಯಲ್ಲಿ ಎಂದು ಮರಳಿ ಕೇಳದೆ ಉತ್ತರ ಕೊಡಲಾಗುವುದಿಲ್ಲ. ಎರಡು ಗೆರೆ ಕಂಡ ಕೂಡಲೇ ಪಾಸಿಟಿವ್‌ ಎಂಬ ಪದವನ್ನು ಉಚ್ಚರಿಸದೆ ರಿಯಾಕ್ಟಿವ್‌ ಎಂದೇ ಹೇಳಬೇಕೆಂದು ತರಬೇತಿಗಳಲ್ಲಿ ಒತ್ತಿ ಹೇಳುವುದರ ಹಿಂದಿರುವುದು ಇದೇ ಲೆಕ್ಕ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಆಗಿ ಉಳಿಯಲಿಲ್ಲ. ನ್ಯೂಯಾರ್ಕ್‌ ನಗರದ ಆರೋಗ್ಯ ಇಲಾಖೆ ತನ್ನ ಲೈಂಗಿಕ ರೋಗಗಳ ಕ್ಲಿನಿಕ್ಕುಗಳಲ್ಲಿ ಬಾಯಿಯ ಪರೀಕ್ಷೆಯನ್ನು ಬಳಸತೊಡಗಿದ ಮೇಲೆ 2005ರ ಕೊನೆಯಲ್ಲಿ ಸುಳ್ಳು ರಿಯಾಕ್ಟಿವ್‌ಗಳು ನಿರೀಕ್ಷೆಗಿಂತ ಹೆಚ್ಚಾಗಿ ಬರತೊಡಗಿದವು. ಪರೀಕ್ಷೆಯನ್ನು ಕೆಲಕಾಲ ನಿಲ್ಲಿಸಿ, ಬಾಯಿಯಲ್ಲಿ ರಿಯಾಕ್ಟಿವ್‌ ಬಂದವರಿಗೆ ಅಲ್ಲೇ ಬೆರಳಿನ ರಕ್ತದಿಂದ ಮತ್ತೊಂದು ಕ್ಷಿಪ್ರ ಪರೀಕ್ಷೆ ಮಾಡುವ ಕ್ರಮವನ್ನು ತಂದರು. ಸುಳ್ಳು ಫಲಿತಾಂಶಗಳಲ್ಲಿ ಬಹುಪಾಲು ಆ ಎರಡನೆಯ ಹೆಜ್ಜೆಯಲ್ಲೇ ಕಳಚಿಬಿದ್ದವು. 2007ರ ಕೊನೆಯಿಂದ ಅದೇ ತೊಂದರೆ ಮತ್ತೆ ತಲೆಯೆತ್ತಿದಾಗ ಆ ಕ್ಲಿನಿಕ್ಕುಗಳು 2008ರಲ್ಲಿ ಬಾಯಿಯ ಮಾದರಿಯನ್ನು ಬಿಟ್ಟು ರಕ್ತಕ್ಕೆ ಮರಳಿದವು. ರಕ್ತ ತೆಗೆಯಲು ಸಿಬ್ಬಂದಿಯೂ ಸೌಕರ್ಯವೂ ಇರುವ ಕ್ಲಿನಿಕ್ಕಿನಲ್ಲಿ ಜೊಲ್ಲಿಗೆ ಏನು ಕೆಲಸ ಎಂಬ ಪ್ರಶ್ನೆಗೆ ಅದು ಒಳ್ಳೆಯ ಉತ್ತರ ಎಂದು ನನ್ನ ಎಣಿಕೆ. ಬಾಯಿಯ ಪರೀಕ್ಷೆಯ ಜಾಗ ಇರುವುದು ಸೂಜಿ ತಲುಪದ ಕಡೆ, ಅಥವಾ ಸೂಜಿಯ ಬಳಿಗೆ ಬರಲು ಒಪ್ಪದ ಜನರ ನಡುವೆ.

ಆ ಜಾಗ ಸಣ್ಣದಲ್ಲ. 2012ರ ಜುಲೈ 3ರಂದು ಎಫ್‌ಡಿಎ ಓರಾಕ್ವಿಕ್‌ ಅನ್ನು ಅಂಗಡಿಯಲ್ಲಿ ಕೊಂಡು ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆಯಾಗಿ ಒಪ್ಪಿತು. ವೈದ್ಯರ ಚೀಟಿ ಬೇಡ, ಫಲಿತಾಂಶವೂ ಮನೆಯಲ್ಲೇ. ತರಬೇತಿ ಇಲ್ಲದ ಸಾಮಾನ್ಯ ಜನ ತಾವೇ ಮಾಡಿಕೊಂಡಾಗ ಸೋಂಕಿತರನ್ನು ಗುರುತಿಸುವ ಪ್ರಮಾಣ ಸುಮಾರು ಶೇ 92ಕ್ಕೆ ಇಳಿದಿತ್ತು, ಅಂದರೆ ಸೋಂಕಿರುವ ಹನ್ನೆರಡು ಜನರಲ್ಲಿ ಒಬ್ಬರಿಗೆ ಇಲ್ಲವೆಂಬ ಉತ್ತರ ಸಿಗುತ್ತಿತ್ತು. ಸುಳ್ಳು ರಿಯಾಕ್ಟಿವ್‌ ಮಾತ್ರ ಐದು ಸಾವಿರಕ್ಕೆ ಒಂದರಂತೆ ಅಪರೂಪವಾಗಿತ್ತು. ಹನ್ನೆರಡರಲ್ಲಿ ಒಬ್ಬರು ತಪ್ಪಿಹೋಗುವುದು ಕಡಿಮೆಯೇನಲ್ಲ. ಆದರೂ ಒಪ್ಪಿಗೆ ಕೊಟ್ಟದ್ದೇಕೆ ಎಂದರೆ, ಹೋಲಿಕೆ ಮಾಡಬೇಕಾದದ್ದು ಪ್ರಯೋಗಾಲಯದ ಪರೀಕ್ಷೆಯೊಂದಿಗಲ್ಲ, ಎಂದೂ ಪರೀಕ್ಷೆಯನ್ನೇ ಮಾಡಿಸಿಕೊಳ್ಳದೆ ಉಳಿಯುತ್ತಿದ್ದವರ ಸ್ಥಿತಿಯೊಂದಿಗೆ.

ಈ ವಾದದ ಬಲ ಇನ್ನೂ ಚೆನ್ನಾಗಿ ಕಂಡದ್ದು ಆಫ್ರಿಕದಲ್ಲಿ. ಕೀನ್ಯಾದ ಕಿಸುಮುವಿನಲ್ಲಿ ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಬಾಯಿಯ ಪರೀಕ್ಷೆಯ ಕಿಟ್‌ಗಳನ್ನು ಕೊಟ್ಟು ಗಂಡನಿಗೂ ಒಂದನ್ನು ಒಯ್ಯಲು ಹೇಳಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ಗಂಡಂದಿರು ಪರೀಕ್ಷೆ ಮಾಡಿಕೊಂಡರು; ಎಂದಿನಂತೆ ಕ್ಲಿನಿಕ್ಕಿಗೆ ಬರುವಂತೆ ಚೀಟಿ ಕೊಟ್ಟು ಕಳಿಸಿದ ಗುಂಪಿನಲ್ಲಿ ಆ ಸಂಖ್ಯೆ ಅರ್ಧದ ಆಸುಪಾಸಿನಲ್ಲಿತ್ತು. ಹೆಂಡತಿ ತಾಯಿ ಕಾರ್ಡಿನ ನೆಪದಲ್ಲಾದರೂ ಆಸ್ಪತ್ರೆಗೆ ಹೋಗುತ್ತಾಳೆ, ಪರೀಕ್ಷೆಯೂ ಆಗುತ್ತದೆ, ಗಂಡ ಮಾತ್ರ ಗೇಟಿನ ಹೊರಗೆ ಬೈಕಿನ ಮೇಲೆ ಕುಳಿತಿರುತ್ತಾನೆ ಎಂಬುದನ್ನು ನಮ್ಮ ಜಿಲ್ಲಾ ಆಸ್ಪತ್ರೆಗಳ ಮುಂದೆ ನಿಂತು ನೋಡಿದವರಿಗೆ ಕಿಸುಮು ಬಹಳ ದೂರದ ಊರು ಎನಿಸಲಾರದು. ಮಲಾವಿ, ಜಾಂಬಿಯಾ ಮತ್ತು ಜಿಂಬಾಬ್ವೆಗಳಲ್ಲಿ 2015ರಿಂದ ಸ್ವಯಂ ಪರೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2016ರ ಡಿಸೆಂಬರಿನಲ್ಲಿ ಸ್ವಯಂ ಪರೀಕ್ಷೆಗೆ ಮಾರ್ಗಸೂಚಿ ಹೊರಡಿಸಿತು. 2017ರಲ್ಲಿ ಅದರ ಗುಣಮಟ್ಟ ಪರಿಶೀಲನೆಯಲ್ಲಿ ತೇರ್ಗಡೆಯಾದ ಮೊದಲ ಸ್ವಯಂ ಪರೀಕ್ಷೆ ಓರಾಕ್ವಿಕ್‌ನ ಬಾಯಿಯ ಕಿಟ್ಟೇ. ಅಮೆರಿಕದ ಅಂಗಡಿಗಳಲ್ಲಿ ಸುಮಾರು 40 ಡಾಲರಿಗೆ ಮಾರುತ್ತಿದ್ದ ಕಿಟ್ಟನ್ನು ಅದೇ ವರ್ಷ ಗೇಟ್ಸ್‌ ಪ್ರತಿಷ್ಠಾನದ ನೆರವಿನಿಂದ ಐವತ್ತು ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ 2 ಡಾಲರಿಗೆ ಕೊಡುವ ಒಪ್ಪಂದವಾಯಿತು. ತಂತ್ರಜ್ಞಾನ ಒಂದೇ, ಬೆಲೆಯಲ್ಲಿ ಮಾತ್ರ ಇಪ್ಪತ್ತು ಪಟ್ಟು ಅಂತರ.

ಭಾರತದಲ್ಲೂ ಇದರ ಪ್ರಯೋಗ ಬೇಗನೆ ನಡೆದಿತ್ತು. ಮಹಾರಾಷ್ಟ್ರದ ವಾರ್ಧಾ ಬಳಿಯ ಸೇವಾಗ್ರಾಮದ ಮಹಾತ್ಮಾ ಗಾಂಧಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 450 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾಯಿಯ ಪರೀಕ್ಷೆ ಬಹಳ ಚೆನ್ನಾಗಿ ಕೆಲಸ ಮಾಡಿತು, ಮತ್ತು ಭಾಗವಹಿಸಿದವರಲ್ಲಿ ಬಹುಪಾಲು ಜನ ರಕ್ತಕ್ಕಿಂತ ಬಾಯಿಯ ಪರೀಕ್ಷೆಯೇ ವಾಸಿ ಎಂದರು. ಅಲ್ಲಿ ಪರೀಕ್ಷೆ ನಡೆಸಿದವರು ತರಬೇತಿ ಪಡೆದ ಸಿಬ್ಬಂದಿ ಎಂಬುದನ್ನು ಮರೆಯಬಾರದು. ಮನೆಯಲ್ಲಿ ಒಬ್ಬರೇ ಕುಳಿತು ಮಾಡುವಾಗ ಅದೇ ಫಲಿತಾಂಶ ಸಿಗುತ್ತದೆಂದು ಹೇಳಲಾಗದು. ಬಿಸಿಲಿನ ಪ್ರಶ್ನೆಯೂ ಇದೆ. ಈ ಕಿಟ್‌ಗಳನ್ನು ಸುಮಾರು 30 ಡಿಗ್ರಿಯೊಳಗೆ ಇಡಬೇಕು. ಕಲಬುರಗಿ, ರಾಯಚೂರುಗಳ ಏಪ್ರಿಲ್‌ ತಿಂಗಳಲ್ಲಿ ತಗಡಿನ ಸೂರಿನಡಿಯ ಔಷಧ ಅಂಗಡಿಯಲ್ಲೋ ಕೊರಿಯರ್‌ ಗಾಡಿಯಲ್ಲೋ ದಿನಗಟ್ಟಲೆ ಬಿದ್ದಿದ್ದ ಪೊಟ್ಟಣವನ್ನು, ಅದರ ಮೇಲಿನ ಅವಧಿ ದಿನಾಂಕ ಮೀರಿಲ್ಲ ಎಂಬ ಒಂದೇ ಕಾರಣಕ್ಕೆ ನಂಬುವುದು ಸರಿಯಲ್ಲ.

ನಮ್ಮಲ್ಲಿ ಎಚ್‌ಐವಿ ಇದೆ ಎಂದು ಅಧಿಕೃತವಾಗಿ ನಿರ್ಣಯಿಸುವುದು ರಕ್ತದಿಂದ ಮಾತ್ರ. ಸರ್ಕಾರಿ ಆಸ್ಪತ್ರೆಗಳಲ್ಲಿರುವ ಐಸಿಟಿಸಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಉಚಿತ. ಮೊದಲ ಕಿಟ್ಟಿನಲ್ಲಿ ರಿಯಾಕ್ಟಿವ್‌ ಬಂದರೆ, ಬೇರೆ ಬಗೆಯ ಪ್ರತಿಜನಕ (ಪ್ರತಿಕಾಯ ಬಂದು ಅಂಟುವ ವೈರಾಣುವಿನ ಪ್ರೋಟೀನು) ಅಥವಾ ಬೇರೆ ತತ್ವವನ್ನು ಬಳಸುವ ಎರಡನೆಯ ಮತ್ತು ಮೂರನೆಯ ಕಿಟ್‌ಗಳಲ್ಲೂ ನೋಡಿ, ಮೂರೂ ಒಂದೇ ಉತ್ತರ ಕೊಟ್ಟಾಗಲೇ ಪಾಸಿಟಿವ್‌ ಎಂದು ವರದಿ ಬರೆಯುತ್ತಾರೆ. ಒಂದು ಕಿಟ್ಟನ್ನು ಮರುಳುಗೊಳಿಸಿದ ಕಾರಣ ಬೇರೆ ತಯಾರಿಕೆಯ ಇನ್ನೆರಡನ್ನೂ ಮರುಳುಗೊಳಿಸುವ ಸಾಧ್ಯತೆ ತೀರ ಕಡಿಮೆ. ಮೇಲಿನ ಲೆಕ್ಕದ 260 ಜನ ಜರಡಿಯಿಂದ ಹೊರಬೀಳುವುದು ಹೀಗೆ. 2018ರ ಸೆಪ್ಟೆಂಬರ್‌ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್‌ ಕಾಯ್ದೆಯ ಪ್ರಕಾರ ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಹಿರಂಗಪಡಿಸುವಂತಿಲ್ಲ. ಕಡ್ಡಿ ಚಿಕ್ಕದು, ನೋವಿಲ್ಲದ್ದು ಎಂಬ ಕಾರಣಕ್ಕೆ ಮದುವೆಗೆ ಮೊದಲು ಹುಡುಗಿಗೋ ಕೆಲಸಕ್ಕೆ ಸೇರುವವರಿಗೋ ಇದನ್ನು ಬಾಯಿಗಿಟ್ಟುಕೊಳ್ಳಲು ಒತ್ತಾಯಿಸುವವರು ಈ ಮಾತನ್ನು ತಿಳಿದಿರಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದವರಿಗೆ 1097 ಎಂಬ ಉಚಿತ ಸಹಾಯವಾಣಿ ಇದೆ.

ಒಂದೇ ಗೆರೆ ಬಂದವರಿಗೆ ಹೇಳಬೇಕಾದದ್ದು ಬೇರೆ. ಸೋಂಕು ತಗಲಿದ ದಿನಕ್ಕೂ ಪರೀಕ್ಷೆಗೆ ಅದು ಕಾಣಿಸಿಕೊಳ್ಳುವ ದಿನಕ್ಕೂ ನಡುವಿನ ಕಾಲವನ್ನು ವಿಂಡೋ ಪೀರಿಯಡ್‌ ಎನ್ನುತ್ತಾರೆ. ತೋಳಿನ ರಕ್ತದಲ್ಲಿ ಪ್ರತಿಕಾಯದ ಜೊತೆಗೆ ಪಿ24 ಎಂಬ ವೈರಾಣುವಿನ ಪ್ರೋಟೀನನ್ನೂ ಹುಡುಕುವ ಪ್ರಯೋಗಾಲಯದ ಪರೀಕ್ಷೆಗೆ ಇದು 18ರಿಂದ 45 ದಿನ; ಪ್ರತಿಕಾಯವನ್ನು ಮಾತ್ರ ಹುಡುಕುವ ಪರೀಕ್ಷೆಗಳಿಗೆ 23ರಿಂದ 90 ದಿನ. ಬಾಯಿಯ ಪರೀಕ್ಷೆ ಈ ಎರಡನೆಯ ಗುಂಪಿನದು, ಅದರಲ್ಲೂ ನಿಧಾನಿ, ಏಕೆಂದರೆ ಹೊಸ ಸೋಂಕಿನಲ್ಲಿ ರಕ್ತದಲ್ಲೇ ಐಜಿಜಿ ಈಗಷ್ಟೇ ಏರುತ್ತಿರುವಾಗ ವಸಡಿಗೆ ಜಿನುಗಿ ತೆಳುವಾದ ಪಾಲಿನಲ್ಲಿ ಅದು ಸಿಗುವುದು ಇನ್ನೂ ತಡ. ಹೋದ ವಾರದ ಘಟನೆಯೊಂದರಿಂದ ಗಾಬರಿಯಾಗಿ ಇಂದು ಕಡ್ಡಿ ಆಡಿಸಿದವರಿಗೆ ಸಿಗುವ ಒಂಟಿ ಗೆರೆ ಹೋದ ವಾರದ ಬಗ್ಗೆ ಏನನ್ನೂ ಹೇಳಿಲ್ಲ. ಅದು ಹೇಳಿದ್ದು ಮೂರು ತಿಂಗಳ ಹಿಂದಿನವರೆಗಿನ ಮಾತನ್ನು. ಜ್ವರ, ಗಂಟಲುನೋವು, ಮೈಮೇಲೆ ಗಂಧೆಯಂಥ ಲಕ್ಷಣಗಳು ಆರಂಭದ ದಿನಗಳಲ್ಲೇ ಕಂಡರೆ ಬಾಯಿಯ ಕಿಟ್ಟನ್ನು ಬದಿಗಿಟ್ಟು ನೇರವಾಗಿ ವೈದ್ಯರ ಬಳಿ ಹೋಗಬೇಕು. ಅಪಾಯದ ಘಟನೆ ನಡೆದು 72 ಗಂಟೆ ಮೀರಿಲ್ಲವಾದರೆ ಪರೀಕ್ಷೆಗಿಂತ ಮೊದಲ ಕೆಲಸ, ಸೋಂಕು ನೆಲೆಯೂರದಂತೆ ತಡೆಯುವ ಪಿಇಪಿ ಮಾತ್ರೆಗಳಿಗಾಗಿ ಆಸ್ಪತ್ರೆಗೆ ಹೋಗುವುದು.

ಈ ಪರೀಕ್ಷೆ ಸಲ್ಲದವರೂ ಇದ್ದಾರೆ. ಹದಿನೆಂಟು ತಿಂಗಳೊಳಗಿನ ಮಗುವಿನ ಮೈಯಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳೇ ಇರಬಹುದಾದ್ದರಿಂದ ಪ್ರತಿಕಾಯ ಹುಡುಕುವ ಪರೀಕ್ಷೆಯಿಂದ ಮಗುವಿನ ಸೋಂಕು ತಿಳಿಯುವುದಿಲ್ಲ. ಅಲ್ಲಿ ವೈರಾಣುವಿನ ತಳಿವಸ್ತುವನ್ನೇ ಹುಡುಕುವ ಪಿಸಿಆರ್‌ ಬೇಕು. ಎಚ್‌ಐವಿ ಲಸಿಕೆಯ ಪ್ರಯೋಗಗಳಲ್ಲಿ ಭಾಗವಹಿಸಿದವರಿಗೆ ಸೋಂಕಿಲ್ಲದೆಯೂ ಎರಡು ಗೆರೆ ಬರಬಹುದು. ಎಚ್‌ಐವಿ ಬಾರದಂತೆ ತಡೆಯಲು ಪ್ರೆಪ್‌ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಒಂದು ವೇಳೆ ಸೋಂಕು ತಗಲಿದರೂ ಪ್ರತಿಕಾಯಗಳು ನಿಧಾನವಾಗಿ ಏರುವುದರಿಂದ ಬಾಯಿಯ ಪರೀಕ್ಷೆ ಅದನ್ನು ತಡವಾಗಿ ಹಿಡಿಯಬಹುದು; ಅವರಿಗೆ ರಕ್ತದ ಪರೀಕ್ಷೆಯೇ ಸರಿ.

ಎಲ್ಲರಿಗಿಂತ ಹೆಚ್ಚು ಎಚ್ಚರ ವಹಿಸಬೇಕಾದವರು ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಈಗಾಗಲೇ ನುಂಗುತ್ತಿರುವವರು. ಸೋಂಕು ತಗಲಿದ ಆರಂಭದಲ್ಲೇ ಚಿಕಿತ್ಸೆ ಶುರುವಾಗಿ ವರ್ಷಗಟ್ಟಲೆ ನಡೆದಿದ್ದರೆ ವೈರಾಣು ಅಡಗಿ, ಅದರ ವಿರುದ್ಧದ ಪ್ರತಿಕಾಯವೂ ಇಳಿದು, ರಕ್ತದಲ್ಲಿ ಇನ್ನೂ ಕಾಣುವಾಗಲೇ ವಸಡಿನ ಪಸೆಯಲ್ಲಿ ಕಾಣದಂತಾಗಬಹುದು. ಯಾರೋ ಕೊಟ್ಟ ಕಿಟ್ಟಿನಲ್ಲಿ ಒಂದೇ ಗೆರೆ ನೋಡಿ ಕಾಯಿಲೆ ಹೋಯಿತೆಂದು, ಅಥವಾ ತಾನು ತಿಂದ ನಾಟಿ ಔಷಧ ಕೆಲಸ ಮಾಡಿತೆಂದು ಮಾತ್ರೆ ಬಿಟ್ಟರೆ ವಾರಗಳಲ್ಲೇ ವೈರಾಣು ಮತ್ತೆ ಏರುತ್ತದೆ. ಚಿಕಿತ್ಸೆ ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಿದ್ದರೆ ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ಅಳೆಯುವ ವೈರಲ್‌ ಲೋಡ್‌ ಪರೀಕ್ಷೆ ಎಆರ್‌ಟಿ ಕೇಂದ್ರದಲ್ಲಿದೆ. ಆ ಪ್ರಶ್ನೆಯನ್ನು ಬಾಯಿಯ ಕಡ್ಡಿಗೆ ಕೇಳುವಂತಿಲ್ಲ.